ಗೆರೆಯ ಮಟ್ಟಕ್ಕೆ ನೀರು

ಚಿರಂಜೀವಿ ಚಿನಕುರುಳಿಗೆ,

ನಿನ್ನೆ ದೂರವಾಣಿಯಲ್ಲಿ ನೀನು "ತಾತ, ನನ್ನ ಹರಳು ಹೇಗಿದೆ?" ಎಂದಾಗ "ಚೆನ್ನಾಗಿದೆ" ಎಂದೆ. ಅದು ಸುಳ್ಳು.

ಹಾಸ್ಟೆಲಿನಲ್ಲಿ ಓಡಾಟ ಹೆಚ್ಚು, ದಾರಕ್ಕೆ ಕಟ್ಟಿದ ಹರಳು ಅಲುಗಾಡದೆ ಬೆಳೆಯಬೇಕೆಂದು, ಮೈಲುತುತ್ತ ಕರಗಿಸಿದ ನೀರಿನ ಆ ಗಾಜಿನ ಪಾತ್ರೆಯನ್ನು ನೀನು ನನ್ನ ಕೋಣೆಯಲ್ಲಿಟ್ಟು ಹೋದೆ. "ನೋಡ್ಕೊಳ್ಳಿ ಸಾಕು, ಮುಟ್ಬೇಡಿ" ಎಂದೂ ಹೇಳಿದ್ದೆ. ನೀರು ಎಷ್ಟು ಇಳಿಯಿತೆಂದು ತಿಳಿಯಲು ನೀನು ಪಾತ್ರೆಯ ಮೇಲೆ ಎಳೆದಿದ್ದ ಗೆರೆಯನ್ನು, ನೀರು ಇಳಿಯಲೇಬಾರದ ಗೆರೆಯೆಂದು ನಾನು ಭಾವಿಸಿದೆ. ನನ್ನ ಅಲಕ್ಷ್ಯದಿಂದ ಒಣಗಿತೆಂಬ ಮಾತು ಬರಬಾರದೆಂದು ಗೆರೆಯ ಮಟ್ಟಕ್ಕೆ ನೀರು ತುಂಬಿದೆ. ಬೆಳಗಾಗುವಷ್ಟರಲ್ಲಿ ಹರಳು ಕರಗಿ, ಬರಿಯ ದಾರ ತೂಗುತ್ತಿತ್ತು.

"ಮೇಷ್ಟ್ರಿಗೆ ಎಲ್ಲಾ ಗೆರೆ ಮಟ್ಟಕ್ಕೇ ಇರ್ಬೇಕು! ಈಗ ಮಗೂಗೆ ಏನು ಹೇಳ್ತೀರಿ?" ಎಂದಳು ನಿನ್ನ ಅಜ್ಜಿ.

ನಿನ್ನ ಪದವಿ ತರಗತಿಯ ಘನಸ್ಥಿತಿ ರಸಾಯನಶಾಸ್ತ್ರದ ಪುಸ್ತಕವನ್ನು ಆಮೇಲೆ ತೆರೆದೆ. ನೀರು ಆರಿದಷ್ಟೂ ಹರಳು ಬೆಳೆಯುತ್ತದೆಯಂತೆ. ಪ್ರಶ್ನೆ ಓದದೆ ಉತ್ತರ ಬರೆಯಬೇಡಿರೆಂದು ಜೀವಮಾನವಿಡೀ ಮಕ್ಕಳನ್ನು ಗದರಿಸಿದವನು ನಾನು.

ತಿಂಗಳ ಕೊನೆಗೆ ನೀನು ಹರಳನ್ನು ಒಪ್ಪಿಸಬೇಕೆಂದು ಬಲ್ಲೆ. ದಯಮಾಡಿ ಕಾಲಾವಕಾಶ ಕೇಳು. ತಪ್ಪು ನನ್ನದೆಂದು ನಿನ್ನ ಉಪನ್ಯಾಸಕರಿಗೂ ಎರಡು ಸಾಲು ಬರೆದು ಇದರೊಡನೆ ಇಟ್ಟಿದ್ದೇನೆ. ಮೈಲುತುತ್ತ ಎಲ್ಲಿಗೂ ಹೋಗಿಲ್ಲ, ಆ ನೀರಿನಲ್ಲೇ ಇದೆ. ಗೆರೆಗಿಂತ ಮೇಲೆ, ನೀರು ತಾಗದ ಪಾತ್ರೆಯ ಅಂಚಿನಲ್ಲಿ, ಸಾಸಿವೆಯಷ್ಟು ಹರಳೊಂದು ಉಳಿದಿದೆ. ನೀರು ಎಷ್ಟು ಆರಿದ ಮೇಲೆ ಅದನ್ನು ದಾರಕ್ಕೆ ಕಟ್ಟಬೇಕೆಂದು ತಿಳಿಸು. ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಈ ಬೆಳಿಗ್ಗೆ ನೀರು ಗೆರೆಯಿಂದ ಕೂದಲೆಳೆಯಷ್ಟು ಇಳಿದಿದೆ. ನೋಡುತ್ತಾ ಕುಳಿತಿದ್ದೇನೆ.

ನಿನ್ನ ಅಪ್ಪಣೆಗೆ ಕಾದಿರುವ,
ತಾತ