ಸಂಜೆಗೆ ಅರಳದ ಮೊಗ್ಗು

ಹೂವಿನ ಹಡಗಲಿ
ಮೇ ೧೮, ೨೦೨೫

ಚಿ. ಅಮರೇಶನಿಗೆ, ಅಕ್ಕ ಗಂಗಾಂಬಿಕಾ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ. ದಾವಣಗೆರೆಯಲ್ಲಿ ನೀನು, ಸುಕನ್ಯಾ, ಮಗು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ಅವ್ವನ ಹೂವಿನ ಅಂಗಡಿ ಮಾರಲು ನನ್ನ ಸಹಿ ಬೇಕೆಂದು ನೀನು ಕಳಿಸಿದ ಕಾಗದಪತ್ರ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ ಎಂದು ಬರೆಯುವುದು ರೂಢಿ. ನೀನು ಬೇಸರ ಮಾಡಿಕೊಂಡರೆ ನನಗೇನೂ ನಷ್ಟವಿಲ್ಲ. ಬೇಕೆಂದೇ ತಡ ಮಾಡಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಒಂದು ಮಾತಾಡಿದರೆ ನೀನು ನಾಲ್ಕು ಇಂಗ್ಲಿಷ್ ಪದ ಎಸೆದು, ನನಗೆ ಉತ್ತರ ಹೊಳೆಯುವಷ್ಟರಲ್ಲಿ ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲಾಗುವುದಿಲ್ಲ. ಕೂತು ಓದು.

ಊರಿನ ಸುದ್ದಿ ಮೊದಲು. ಈ ಸಲ ಮಲ್ಲಿಗೆ ಚೆನ್ನಾಗಿ ಬಿಟ್ಟಿದೆ. ಬೆಳಕು ಹರಿಯುವ ಮೊದಲೇ ಮಾರುಕಟ್ಟೆ ತುಂಬುತ್ತದೆ. ಬಸ್ಸಿಗೆ ಬುಟ್ಟಿ ಏರಿಸಿ, ಕಟ್ಟುವ ಹೆಂಗಸರಿಗೆ ಮೊಗ್ಗು ಹಂಚುವಷ್ಟರಲ್ಲಿ ಬಿಸಿಲು ಅಂಗಡಿ ಕಟ್ಟೆಗೆ ಬಂದಿರುತ್ತದೆ. ಮನೆಮನೆಗೆ ಹೂವು ಮುಟ್ಟಿಸಲು ನೀನು ಕೆಲಸಕ್ಕಿರುವ ಕಂಪನಿಯ ಗಾಡಿ ಬರುವುದು ನಿಂತಿದೆ. ಅದು ಯಾಕೆ ಬರುತ್ತಿಲ್ಲ ಎಂದು ಯಾರೂ ಕೇಳಿಲ್ಲ, ದುರುಗಪ್ಪನೊಬ್ಬನನ್ನು ಬಿಟ್ಟು.

ತಂಬ್ರಹಳ್ಳಿಯಿಂದ ದಿನಾ ಅವ್ವನಿಗೆ ಹೂವು ತಂದು ಹಾಕುತ್ತಿದ್ದ ದುರುಗಪ್ಪ ನಿನ್ನ ಮಾತು ನಂಬಿ ಆ ಕಂಪನಿಯ ಷೇರು ಕೊಂಡ. ಅವನ ಮಗ ಕ್ರಾಂತಿ ಬ್ಯಾಂಕಿನಲ್ಲಿದ್ದಾನೆ, ಬೇಡವೆಂದು ಬಾಯಿ ಬಡಿದುಕೊಂಡ. ದುರುಗಪ್ಪ ಕೇಳಲಿಲ್ಲ. ಯಾಕೆಂದರೆ ಮಗ ಬ್ಯಾಂಕಿನ ಭಾಷೆಯಲ್ಲಿ ಹೇಳಿದ, ನೀನು ಹೂವಿನ ಭಾಷೆಯಲ್ಲಿ ಹೇಳಿದೆ.

"ಷೇರು ಅಂದ್ರ ಮೊಗ್ಗು ಇದ್ದಂಗ, ದುರುಗಪ್ಪ. ನೀ ಮುಂಜಾನಿ ಅರಳಿದ ಹೂವು ತರ್ತಿಯೇನು? ಮೊಗ್ಗೇ ತರ್ತಿ. ಮುಂದ ಅರಳತೈತಿ ಅಂತ ಮಂದಿ ರೊಕ್ಕ ಕೊಡ್ತಾರ."

ನಮ್ಮ ತಕ್ಕಡಿಯ ಪಕ್ಕದಲ್ಲೇ ನಿಂತು ನೀನು ಹಾಗೆ ಹೇಳಿದೆ. ಈಗ ಷೇರಿನ ಬೆಲೆ ಕಾಲು ಭಾಗಕ್ಕಿಂತಲೂ ಕೆಳಗಿಳಿದಿದೆ. ದುರುಗಪ್ಪ ಪ್ರತಿದಿನ ಬುಟ್ಟಿ ಇಳಿಸಿ, ತಲೆಯ ಸಿಂಬಿ ತೆಗೆದು, "ಅಕ್ಕಾರ, ಅರಳ್ತೇನ್ರಿ?" ಎಂದು ಕೇಳುತ್ತಾನೆ. ನಗುತ್ತಲೇ ಕೇಳುತ್ತಾನೆ. ನಾನು ತಕ್ಕಡಿಯ ಮುಳ್ಳು ನೋಡುತ್ತಾ ನಿಲ್ಲುತ್ತೇನೆ.

ಮೊಗ್ಗಿನ ಮಾತು ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾವೂ ಅರಳದ್ದಕ್ಕೇ ದುಡ್ಡು ತೆಗೆದುಕೊಳ್ಳುತ್ತೇವೆ, ನಿಜ. ಆದರೆ ಅವ್ವ ಏನು ಮಾಡುತ್ತಿದ್ದಳು, ನೀನೇ ನೋಡಿಲ್ಲವೇ? ಒಬ್ಬೊಬ್ಬ ರೈತನ ಮೊಗ್ಗಿನಲ್ಲಿ ಒಂದು ಹಿಡಿ ತೆಗೆದು, ಹಸಿ ಬಟ್ಟೆಯಲ್ಲಿ ಸುತ್ತಿ, ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದಳು. ಸಂಜೆ ಬಿಚ್ಚಿ ನೋಡುವಳು. ಅರಳದಿದ್ದರೆ ಮರುದಿನ ಅವನಿಗೆ ದರ ಕಡಿಮೆ. ಚಿಕ್ಕಪ್ಪನ ತೋಟದ ಮೊಗ್ಗಿಗೂ ಅದೇ ನ್ಯಾಯ; ಅದಕ್ಕೇ ಅವರು ಒಂದು ವರ್ಷ ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ. ನಮ್ಮ ಮೊಗ್ಗು ಸಂಜೆಗೆ ಅರಳಬೇಕು. ಅರಳದಿದ್ದರೆ ಗಿರಾಕಿ ಬಂದು ಮುಖಕ್ಕೆ ಎಸೆಯುತ್ತಾನೆ, ಎಸೆಯಿಸಿಕೊಳ್ಳಲು ನಮ್ಮ ಮುಖ ಇಲ್ಲೇ ಇರುತ್ತದೆ.

ಹಡಗಲಿ, ಹೊಸಪೇಟೆ, ದಾವಣಗೆರೆ ಮೂರೂ ಊರಿನ ಹೂವಿನ ವ್ಯಾಪಾರ ಕೂಡಿಸಿದರೂ ನಿನ್ನ ಕಂಪನಿಯ ಬೆಲೆಗೆ ಸಾಟಿಯಿಲ್ಲ ಎಂದು ನೀನು ಎದೆಯುಬ್ಬಿಸಿ ಹೇಳಿದ ದಿನ ನೆನಪಿದೆಯೇ? ಲಾಭ ಎಷ್ಟು ಎಂದು ಅವ್ವ ಕೇಳಿದಳು. ನೀನು ನಕ್ಕೆ. ಹೂವು ಮಾರಿದಷ್ಟೂ ನಷ್ಟವಂತೆ, ಈಗ ಗಿರಾಕಿ ಹಿಡಿಯುವ ಕಾಲವಂತೆ, ಲಾಭ ಕೇಳುವುದು ಹಳೆಯ ಮಂದಿಯ ಚಟವಂತೆ. ಹತ್ತು ವರ್ಷ ಬಿಟ್ಟು ನೋಡು ಎಂದೆ.

"ಹತ್ತು ವರ್ಷ ಅರಳದ ಮೊಗ್ಗು ಯಾರ ತಲ್ಯಾಗ ಮುಡಿಸ್ತಿಯಪ್ಪ?" ಎಂದಳು ಅವ್ವ.

ಅದನ್ನು ನೀನು ಹೋಗಿ ನಿನ್ನ ಸಾಹೇಬರ ಮುಂದೆ ತಮಾಷೆಯಾಗಿ ಹೇಳಿದೆ. ಅವರಿಗೆ ಮಾತು ಬೇಕಿರಲಿಲ್ಲ, ಮುಖ ಬೇಕಿತ್ತು. ಹೀಗೆ ಅವ್ವ ಅವರ ಪೆಟ್ಟಿಗೆಯ ಮೇಲೆ ಬಂದಳು: ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಬುಟ್ಟಿ, ಕೆಳಗೆ ಅವಳ ಹೆಸರಿನಲ್ಲೇ 'ಕಲ್ಯಾಣಮ್ಮನ ಮಲ್ಲಿಗೆ, ಒಂದೇ ಗಂಟೆಯಲ್ಲಿ ನಿಮ್ಮ ಬಾಗಿಲಿಗೆ'. ನಮ್ಮ ಅಂಗಡಿಗೆ ಇವತ್ತಿಗೂ ಒಂದು ಬೋರ್ಡಿಲ್ಲ. ಅವ್ವ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೂವು ಒಳಗಿದ್ದರೆ ತನ್ನ ಮುಖ ಹೊರಗೆ ಯಾಕೆ ಎಂದು ಕೇಳಿದಳು. ಆ ಫೋಟೋಗೂ ನಿನಗೆ ದುಡ್ಡಿನ ಬದಲು ಷೇರನ್ನೇ ಕೊಟ್ಟರು. ಕಂಪನಿಯ ಸಾಹೇಬರು ಯಾರು, ಎಲ್ಲಿರುತ್ತಾರೆ, ದುರುಗಪ್ಪನಿಗೆ ಗೊತ್ತಿಲ್ಲ. ಅವನು ನಂಬಿದ್ದು ಆ ಪೆಟ್ಟಿಗೆಯ ಮೇಲಿನ ಮುಖವನ್ನು.

ಈಗ ನಿನ್ನ ಬೇಡಿಕೆಗೆ ಬರುತ್ತೇನೆ. ಅಂಗಡಿ ಮಾರಬೇಕು, ನಿನ್ನ ಪಾಲಿನ ಹಣದಲ್ಲಿ, ಬಿದ್ದ ಬೆಲೆಗೆ ಇನ್ನಷ್ಟು ಷೇರು ಕೊಂಡು ಆವರೇಜ್ ಮಾಡಬೇಕು, ಅಂದರೆ ಮೊದಲು ಕೊಂಡ ದರದ ಹೊರೆ ತಗ್ಗಿಸಬೇಕು ಎಂದು ಬರೆದಿದ್ದೀಯ. ಬಾಡಿದ ಹೂವು ಅಗ್ಗವಾಯಿತೆಂದು ಎರಡು ಬುಟ್ಟಿ ಹೆಚ್ಚಿಗೆ ಕೊಂಡವರನ್ನು ನಾನು ಈ ಮಾರುಕಟ್ಟೆಯಲ್ಲಿ ಕಂಡಿಲ್ಲ. ಅಂಗಡಿಯನ್ನು ಸತ್ತ ಬಂಡವಾಳ ಎಂದೂ ಬರೆದಿದ್ದೀಯ. ಆ ಸತ್ತ ಬಂಡವಾಳ ದಿನಾ ಬೆಳಿಗ್ಗೆ ಎದ್ದು ಹೂವು ಕಟ್ಟುವ ಹೆಂಗಸರಿಗೆಲ್ಲ ಕೂಲಿ ಕೊಡುತ್ತದೆ. ನಿನ್ನ ಓದು, ನಿನ್ನ ಮದುವೆ, ದಾವಣಗೆರೆಯ ಬಾಡಿಗೆ ಮನೆಯ ಮುಂಗಡ ಎಲ್ಲ ಅದೇ ಕೊಟ್ಟಿದ್ದು. ನಿನ್ನ ಜೀವಂತ ಬಂಡವಾಳ ಈವರೆಗೆ ಯಾರ ಹೊಟ್ಟೆ ತುಂಬಿಸಿದೆ ಎಂದು ಬರೆದು ತಿಳಿಸು.

ನಾನು ಸಹಿ ಮಾಡುವುದಿಲ್ಲ. ಕಾಗದಪತ್ರ ಹಾಗೇ ವಾಪಸು ಕಳಿಸಿದ್ದೇನೆ. ಪಾಲಿಗಾಗಿ ಕೋರ್ಟಿಗೆ ಹೋಗುತ್ತೇನೆ ಎಂದಿದ್ದೀಯ, ಹೋಗು. ಅದಕ್ಕೂ ಮೊದಲು ಒಂದು ದಿನ ಬೆಳಿಗ್ಗೆ ಇಲ್ಲಿಗೆ ಬಂದು ತಕ್ಕಡಿಯ ಪಕ್ಕ ನಿಲ್ಲು. ದುರುಗಪ್ಪ ಕೇಳುವುದಕ್ಕೆ ನೀನೇ ಉತ್ತರ ಕೊಡು. ಎಷ್ಟು ದಿನ ಅಂತ ನಾನು ಮುಳ್ಳು ನೋಡಲಿ?

ಈ ಕಾಗದ ಬೆಳಗಿನ ಬಸ್ಸಿನ ಹೂವಿನ ಬುಟ್ಟಿಯಲ್ಲಿ ಬರುತ್ತದೆ. ಜೊತೆಗೆ ಎರಡು ಮಾರು ಮಲ್ಲಿಗೆ ಇಟ್ಟಿದ್ದೇನೆ, ಸುಕನ್ಯಾಳಿಗೆ ಕೊಡು. ಅವಳಿಗೂ ಮಗುವಿಗೂ ನನ್ನ ತುಂಬು ಹೃದಯದ ಆಶೀರ್ವಾದ. ನಿನ್ನದನ್ನು ಮೇಲೇ ಬರೆದಾಗಿದೆ, ಎರಡನೆಯ ಸಲ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಕ್ಕ,
ಗಂಗಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಅವ್ವನನ್ನು ಮಣ್ಣು ಮಾಡಿದ ದಿನ ನೀನು ಕಂಪನಿ ಕೆಲಸಕ್ಕೆ ಹೋಗಿದ್ದ ಮುಂಬೈಯಿಂದ ಫೋನ್ ಮಾಡಿ, "ನನ್ನ ಹಾರ ಕಂಪನಿಯಿಂದ ಬರ್ತೈತಿ, ಒಂದು ತಾಸು ಅಷ್ಟ. ಮಗನ ಹಾರ ಮೊದಲು ಬೀಳಬೇಕು, ತಡೀರಿ" ಎಂದೆ. ತಡೆದೆವು. ಅವ್ವನನ್ನು ಮೀಯಿಸಿ, ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂರಿಸಿದ್ದೆವು. ಮಾರುಕಟ್ಟೆಯ ಹೆಂಗಸರೆಲ್ಲ ಕಟ್ಟಿದ ಹೂವು ಹಿಡಿದು ಸುತ್ತ ನಿಂತೇ ಇದ್ದರು. ಜನ್ಮವಿಡೀ ಹೂವು ಮಾರಿದವಳು ಹೊತ್ತು ಇಳಿಯುವವರೆಗೆ ಬರಿಗೊರಳಲ್ಲಿ ಕೂತಿದ್ದಳು. ಕೊನೆಗೆ ಹಿರಿಯರು ಸಾಕೆಂದರು, ದುರುಗಪ್ಪ ಮುಂದೆ ಬಂದು ಮೊದಲ ಹಾರ ಹಾಕಿದ.

ನಿನ್ನದು ಮೂರನೆಯ ದಿನ ಬಂತು. ಐಸಿನಲ್ಲಿ ಕಪ್ಪಾದ ಮೊಗ್ಗು. ಹೂವನ್ನು ತಿಪ್ಪೆಗೆ ಹಾಕಿದೆ. ಪೆಟ್ಟಿಗೆ ಹಾಕಲು ಆಗಲಿಲ್ಲ, ಅದರ ಮೇಲೆ ಅವ್ವ ಇದ್ದಾಳೆ. ಇನ್ನೂ ಅಂಗಡಿಯಲ್ಲೇ ಇದೆ. ಅದನ್ನು ಏನು ಮಾಡಲಿ, ನೀನೇ ಹೇಳು.