ಸೊಂಟಕ್ಕೆ ಕಟ್ಟಿದ ಸೀರೆ

ಉಗಾರ ಬುದ್ರುಕ
೧೪-೨-೧೯೮೯

ಪ್ರೀತಿಯ ಪದ್ಮಕ್ಕನಿಗೆ ನಿನ್ನ ಚಂದ್ರಮತಿಯ ನಮಸ್ಕಾರ.

ನಾವೆಲ್ಲ ಇಲ್ಲಿ ಆರಾಮ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಸಿಟ್ಟು ನನಗೇ ಬೇಕಾದಷ್ಟಿದೆ, ಅದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ನಾನು ಕಲಿಸುವ ಅಂಗನವಾಡಿಯ ಹಿಂದೆ, ಮೊದಲು ಬೇಟೆಯಾಡುತ್ತ ಊರೂರು ಅಲೆಯುತ್ತಿದ್ದ ಹರಣಶಿಕಾರಿ ಜನರ ಗುಡಿಸಲುಗಳಿವೆಯಲ್ಲ, ಅಲ್ಲಿಯ ಸಕ್ಕುಬಾಯಿ ಕಬ್ಬು ಕಡಿಯಲು ಹೋಗುವಾಗ ಎರಡು ವರ್ಷದ ಮಗಳು ಲಕ್ಕವ್ವನ ಸೊಂಟಕ್ಕೆ ಹಳೆ ಸೀರೆ ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಗಿಡಕ್ಕೆ ಬಿಗಿಯುತ್ತಾಳೆ. ಕಣ್ಣು ಕಾಣದ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ. ಆ ಕಡೆ ಹೊಳೆ, ಈ ಕಡೆ ಕಬ್ಬಿನ ಟ್ರ್ಯಾಕ್ಟರು. ಮೂರು ವರ್ಷ ತುಂಬದೆ ಅಂಗನವಾಡಿಗೆ ಸೇರಿಸುವಂತಿಲ್ಲ, ಆ ಕೇರಿಯ ಕೂಸುಗಳೆಲ್ಲ ಹಾಗೆಯೇ ಬೆಳೆದಿವೆ.

ಹೋದ ತಿಂಗಳು ಜೀಪಿನಲ್ಲಿ ನಮ್ಮ ಇಲಾಖೆಯ ಒಬ್ಬ ಸಾಹೇಬರು ಬಂದರು. "ಕೂಸಿನ್ನ ದನಾ ಕಟ್ಟಿದಂಗ ಕಟ್ಟ್ಯಾಳ, ಇಕಿ ತಾಯಿ ಏನ್ರಿ?" ಎಂದವರೇ ಕೂಸನ್ನು ದಿಕ್ಕಿಲ್ಲದ ಮಕ್ಕಳನ್ನಿಡುವ ಸರ್ಕಾರಿ ಬಾಲಮಂದಿರಕ್ಕೆ ಒಯ್ದುಬಿಟ್ಟರು. ಸಕ್ಕುಬಾಯಿ ಹೊಲದಿಂದ ಓಡಿ ಬರುವಷ್ಟರಲ್ಲಿ ಗಿಡಕ್ಕೆ ಬರೀ ಸೀರೆ ಇತ್ತು.

ಅಕ್ಕಾ, ನಮ್ಮವ್ವ ಬಾವಿಗೆ ಹೋಗುವಾಗ ನಮ್ಮಿಬ್ಬರನ್ನೂ ಪಡಸಾಲೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳಲ್ಲ? ಆಗ ಯಾವ ಜೀಪು ಬಂದಿತ್ತು? ನಮಗೆ ಹೊಲ ಇತ್ತು, ಮನೆ ಇತ್ತು, ಅದಕ್ಕೇ ಅದು ಜಾಣತನ. ಗುಡಿಸಲಿನವಳು ಕಟ್ಟಿದರೆ ಕ್ರೌರ್ಯ!

ಮೊನ್ನೆ ಅವಳನ್ನು ಕರೆದುಕೊಂಡು ಬಾಲಮಂದಿರಕ್ಕೆ ಹೋಗಿದ್ದೆ. ಕೂಸು ಓಡಿ ಬಂದು, ತಾಯಿಯ ಸೆರಗು ಎಳೆದು, ತನ್ನ ಸೊಂಟಕ್ಕೆ ತಾನೇ ಸುತ್ತಿಕೊಂಡಿತು. ಅಲ್ಲಿಯ ಕಾರಕೂನ ಮುಖ ಕೂಡ ಎತ್ತಲಿಲ್ಲ. "ರೇಶನ್ ಕಾರ್ಡ್ ಐತೇನು? ಮನಿ ನಂಬರ್? ಇಕಿನ ತಾಯಿ ಅನ್ನಾಕ ಕಾಗದ ಏನೈತಿ?"

"ನಿಮ್ಮ ಕಣ್ಣಾಗ ಮಣ್ಣು ಬಿದ್ದೈತೇನ್ರಿ?" ಎಂದು ಒದರಿದೆ. ಏನೂ ಉಪಯೋಗವಾಗಲಿಲ್ಲ, ಕೂಸನ್ನು ಬಿಟ್ಟೇ ಬಂದೆವು. ಬಸ್ಸಿನಲ್ಲಿ ಸಕ್ಕುಬಾಯಿಯದು ಒಂದೇ ಮಾತು: "ಕಟ್ಟಲಿಲ್ಲಂದ್ರ ಹೊಳ್ಯಾಗ ಬೀಳ್ತಿತ್ರಿ ಅಕ್ಕೋರ. ಉಳೀಲಿ ಅಂತ ಕಟ್ಟಿದ್ನಿರಿ."

ಲಕ್ಕವ್ವ ಬರುವವರೆಗೆ ನಾನು ಆ ಕಚೇರಿಯ ಹೊಸ್ತಿಲು ಬಿಡುವುದಿಲ್ಲ. ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ನಿನ್ನ ಕಣ್ಣೆದುರಿಗೇ ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಚಂದ್ರಮತಿ

ತಾ.ಕ.: ಜೀಪು ತಾನಾಗಿ ಬರಲಿಲ್ಲ ಅಕ್ಕಾ. ಆ ಕೇರಿಯ ಕೂಸುಗಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬ ಆಯಾ ಮಂಜೂರಾಗಲಿ ಅಂತ ನಾನೇ ತಿಂಗಳ ವರದಿಯಲ್ಲಿ ಬರೆದಿದ್ದೆ, 'ಇಲ್ಲಿ ಕೂಸನ್ನು ಗಿಡಕ್ಕೆ ಕಟ್ಟಿರುತ್ತಾರೆ' ಎಂದು. ಕೋಣೆ ಬರಲಿಲ್ಲ, ಜೀಪು ಬಂತು. ಸಕ್ಕುಬಾಯಿಗೆ ಇದು ಗೊತ್ತಿಲ್ಲ. ದಿನಾ ನನ್ನ ಬಾಗಿಲಲ್ಲಿ ಬಂದು ಕೂತು, "ನೀವು ಛಲೋ ಬರೀತೀರಿ ಅಕ್ಕೋರ, ಇನ್ನೊಂದು ಅರ್ಜಿ ಬರದು ಕೊಡ್ರಿ" ಅನ್ನುತ್ತಾಳೆ.