ಕಲ್ಲಿನ ಮೇಲಿನ ಇಪ್ಪತ್ತೈದು ಸೆಂಟು

ಅಪ್ಪಾ,

ಇವತ್ತು ನಮ್ಮೂರಿನಲ್ಲಿ ಮಡಿದ ಸೈನಿಕರ ಮಕ್ಕಳ ದಿನವನ್ನು ಮೊದಲ ಸಲ ಆಚರಿಸಿದರು. ಮೂವತ್ತು ದಾಟಿದ ನನ್ನನ್ನೂ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಮೇಯರ್ ಹಳದಿ ಗುಲಾಬಿ ಕೊಟ್ಟರು. ಅದನ್ನು ನಿನಗೇ ಕೊಡೋಣವೆಂದು ಸ್ಮಶಾನಕ್ಕೆ ಬಂದೆ.

ಅಮ್ಮ ನನಗಿಂತ ಮುಂಚೆಯೇ ಬಂದಿದ್ದಳು. ಬಗ್ಗಿ, ನಿನ್ನ ಸಮಾಧಿಯ ಕಲ್ಲಿನ ಮೇಲೆ ಇಪ್ಪತ್ತೈದು ಸೆಂಟಿನ ನಾಣ್ಯ ಇಡುತ್ತಿದ್ದಳು.

ನಿನಗೆ ಗೊತ್ತಲ್ಲ, ಸೈನಿಕನ ಸಮಾಧಿ ನೋಡಿ ಹೋಗಲು ಬಂದವರು ಅದರ ಮೇಲೆ ಒಂದು ಸೆಂಟು ಇಡುತ್ತಾರೆ. ಇಪ್ಪತ್ತೈದು ಇಡುವುದು, ಸಾಯುವಾಗ ಪಕ್ಕದಲ್ಲಿದ್ದ ಸೈನಿಕ ಮಾತ್ರ. ಪ್ರತಿ ವರ್ಷ ಆ ನಾಣ್ಯ ನೋಡಿ, ನಿನ್ನ ಕೈ ಹಿಡಿದಿದ್ದವನೊಬ್ಬ ಎಲ್ಲೋ ಬದುಕಿದ್ದಾನೆಂದು ನಂಬಿದ್ದೆ. ಅವನಿಗಾಗಿ ಕಾಯುತ್ತಾ ಇಲ್ಲಿ ಎಷ್ಟು ಮಧ್ಯಾಹ್ನ ಕೂತಿದ್ದೇನೋ! ಅಮ್ಮನೇ ಸ್ಯಾಂಡ್‌ವಿಚ್ ಕಟ್ಟಿಕೊಟ್ಟು ಕಳಿಸುತ್ತಿದ್ದಳು.

"ಇಷ್ಟು ವರ್ಷ ನೀನೇ ಇಟ್ಟಿದ್ದಾ?"

"ಸಾಯೋವಾಗ ಅಪ್ಪ ಒಬ್ನೇ ಇದ್ನಾ ಅಂತ ಚಿಕ್ಕೋಳಿದ್ದಾಗ ದಿನಾ ಅಳ್ತಿದ್ಯಲ್ಲೇ, ಟೆಸ್ಸಾ. ಏನ್ ಮಾಡ್ಲಿ ನಾನು?"

"ಹಾಗಾದ್ರೆ ಅವತ್ತು ಯಾರಿದ್ರು ಜೊತೆಗೆ?"

ಅಮ್ಮ ನನ್ನ ಕೈಯಿಂದ ಗುಲಾಬಿ ತೆಗೆದುಕೊಂಡು ಅದರ ಮುಳ್ಳು ಮುರಿಯತೊಡಗಿದಳು.

ಅವಳ ನಾಣ್ಯವನ್ನು ಅವಳ ಚೀಲಕ್ಕೇ ಹಾಕಿದೆ. ನಿನ್ನ ಕಲ್ಲಿನ ಮೇಲೆ ಒಂದು ಸೆಂಟು ಇಟ್ಟಿದ್ದೇನೆ. ನನಗೆ ಗೊತ್ತಿರುವ ನಿಜ ಅಷ್ಟೇ, ಅಪ್ಪಾ. ನಾನು ಬಂದಿದ್ದೆ.